ಡೋರಾ 210079: ಒಂದೇ ವಿಮಾನಕ್ಕೆ ಮೂರು ಬಣ್ಣ, ಯಾವುದನ್ನು ನಂಬಬೇಕು?

ಸಣ್ಣರೆಕ್ಕೆ (ಹುಬ್ಬಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 1/48 ಅಳತೆಯ ಫೋಕೆ-ವುಲ್ಫ್ 190 ಡಿ-9, ಅಂದರೆ ‘ಡೋರಾ’ ಎಂಬ ಎರಡನೆಯ ಮಹಾಯುದ್ಧದ ಜರ್ಮನ್ ಯುದ್ಧವಿಮಾನದ ಮಾದರಿ ಕಿಟ್ ಜೋಡಿಸುತ್ತಿದ್ದೇನೆ. ರೆಕ್ಕೆ ಮತ್ತು ಒಡಲು ಸೇರಿವೆ, ಸಂದುಗಳಿಗೆ ಪುಟ್ಟಿ ತುಂಬಿ ಉಜ್ಜಿದ್ದೇನೆ, ಪ್ರೈಮರ್ ಕೂಡ ಒಣಗಿದೆ. ಇನ್ನು ಬಣ್ಣ ಹೊಡೆಯಬೇಕು ಎನ್ನುವಾಗ ಕೈ ತಡೆದು ನಿಂತಿದೆ.

ನಾನು ಮಾಡಬೇಕೆಂದಿರುವುದು ಒಂದೇ ಒಂದು ವಿಮಾನವನ್ನು: ತಯಾರಿಕಾ ಸಂಖ್ಯೆ 210079, ಒಡಲಿನ ಮೇಲೆ ‘ಕಪ್ಪು 12’. 1945ರ ಜನವರಿ 1ರ ಬೆಳಿಗ್ಗೆ ಜರ್ಮನರು ಮಿತ್ರಪಡೆಗಳ ವಿಮಾನ ನಿಲ್ದಾಣಗಳ ಮೇಲೆ ನಡೆಸಿದ ಬೋಡನ್‌ಪ್ಲಾಟೆ ದಾಳಿಯಲ್ಲಿ ಥಿಯೋ ನಿಬೆಲ್ ಎಂಬ ಲೆಫ್ಟಿನೆಂಟ್ ಇದನ್ನು ಹಾರಿಸುತ್ತಿದ್ದ. ಬ್ರಸೆಲ್ಸ್ ಹತ್ತಿರದ ಗ್ರಿಂಬರ್ಗೆನ್ ನಿಲ್ದಾಣದ ಮೇಲೆರಗಿದಾಗ ಒಂದು ಕೌಜುಗ ಹಕ್ಕಿ ಬಡಿದು ರೇಡಿಯೇಟರ್ ಒಡೆಯಿತು. ಅವನು ವಿಮಾನವನ್ನು ಹೊಲದಲ್ಲಿ ಹೊಟ್ಟೆಯ ಮೇಲೆ ಇಳಿಸಿ ಸೆರೆಯಾದ. ಅಷ್ಟು ದೊಡ್ಡ ಯುದ್ಧದಲ್ಲಿ ಒಂದು ಹಕ್ಕಿ ಕೆಡವಿದ ವಿಮಾನ ಎಂದು ಓದಿದಾಗಿನಿಂದ ಇದನ್ನೇ ಮಾಡಬೇಕು ಎಂಬ ಆಸೆ.

ತೊಂದರೆ ಏನೆಂದರೆ, ಕಿಟ್ ಜೊತೆಗಿನ ಚಿತ್ರದಲ್ಲಿ ಮೇಲ್ಭಾಗಕ್ಕೆ 74 ಮತ್ತು 75 (ಆಗಿನ ಜರ್ಮನ್ ಬಣ್ಣಸಂಖ್ಯೆಗಳು) ಎಂಬ ಎರಡು ಬೂದು ಬಣ್ಣ ಕೊಟ್ಟಿದ್ದಾರೆ. ಬೇರೆಯಾಗಿ ಕೊಂಡ ಡೆಕಾಲ್ (ಮಾದರಿಗೆ ಅಂಟಿಸುವ ಗುರುತುಗಳ) ಹಾಳೆಯಲ್ಲಿ 75ರ ಜೊತೆಗೆ 83, ಅಂದರೆ ಬೂದು ಮತ್ತು ಕಡುಹಸಿರು. ಅಂತರ್ಜಾಲದಲ್ಲಿ ಸಿಕ್ಕ ಒಂದು ಬಣ್ಣದ ಚಿತ್ರದಲ್ಲಿ 81 ಮತ್ತು 82, ಕಂದು ಮತ್ತು ತಿಳಿಹಸಿರು. ಒಂದೇ ವಿಮಾನ, ಒಂದೇ ದಿನ, ಮೂರು ಬಣ್ಣ! ಮೂರನ್ನೂ ಬರೆದವರು ತಿಳಿದವರೇ ಇರಬೇಕು. ನನ್ನಂಥವನು ಮನೆಯಲ್ಲಿ ಕುಳಿತು ಸರಿಯಾದದ್ದನ್ನು ಕಂಡುಕೊಳ್ಳುವುದು ಹೇಗೆ? ಚೆನ್ನಾಗಿ ಕಂಡರೆ ಸಾಕು ಎನ್ನುವ ಗೆಳೆಯರಿದ್ದಾರೆ. ನನಗೆ ಅದು ಸಾಲದು.

ಬಣ್ಣದಮನೆ (ಬೆಂಗಳೂರು) ಉತ್ತರ:

ಒಳ್ಳೆಯ ವಿಮಾನವನ್ನೇ ಆರಿಸಿದ್ದೀರಿ. ಮಿತ್ರಪಡೆಗಳ ಕೈಗೆ ಹೆಚ್ಚು ಹಾನಿಯಿಲ್ಲದೆ ಸಿಕ್ಕ ಮೊದಲ ಡೋರಾಗಳಲ್ಲಿ ಇದು ಒಂದು. ಆದ್ದರಿಂದಲೇ ಅದರ ಫೋಟೋಗಳು ಉಳಿದಿವೆ. ಫೋಟೋ ಇಲ್ಲದ ವಿಮಾನವನ್ನು ಆರಿಸಿದ್ದರೆ ನಿಮಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ.

ನಾನು ಕೆಲಸ ಮಾಡಿದ್ದು ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ. ಸೇರಿದ ಹೊಸತರಲ್ಲಿ ಎಚ್‌ಎಫ್-24 ಮರುತ್ ಯುದ್ಧವಿಮಾನ ಇನ್ನೂ ತಯಾರಾಗುತ್ತಿತ್ತು. ನಿಮ್ಮ ಮೇಜಿನ ಮೇಲಿರುವ ಫೋಕೆ-ವುಲ್ಫ್ 190 ಮತ್ತು ಆ ಮರುತ್, ಎರಡರ ವಿನ್ಯಾಸಕಾರನೂ ಒಬ್ಬನೇ: ಕುರ್ಟ್ ಟ್ಯಾಂಕ್. ಅವರು 1956ರಲ್ಲಿ ಭಾರತಕ್ಕೆ ಬಂದು ಬೆಂಗಳೂರಿನಲ್ಲಿ ಮರುತ್ ರೂಪಿಸಿದರು, 1961ರಲ್ಲಿ ಅದು ಹಾರಿತು. ಬೆಂಗಳೂರಿಗೆ ಬಂದರೆ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿರುವ ಮರುತ್ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ತಗಡಿನ ಜೋಡಣೆಯ ಗೆರೆಗಳಲ್ಲಿ ಬಣ್ಣ ಹೇಗೆ ಕೂರುತ್ತದೆ, ತೆರೆದು ಮುಚ್ಚುವ ಮುಚ್ಚಳಗಳ ಅಂಚಿನಲ್ಲಿ ಹೇಗೆ ಸವೆಯುತ್ತದೆ ಎಂಬುದನ್ನು ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೂರು ಚಿತ್ರಗಳಲ್ಲಿ ಒಂದನ್ನು ಆರಿಸಲು ಹೊರಡಬೇಡಿ. ಮೂರನ್ನೂ ಮಡಚಿ ಪಕ್ಕಕ್ಕಿಡಿ. ಬಣ್ಣದ ಚಿತ್ರ ಬರೆಯುವವರು ಹಲವು ಸಲ ಇನ್ನೊಬ್ಬರ ಬಣ್ಣದ ಚಿತ್ರವನ್ನೇ ನೋಡಿ ಬರೆದಿರುತ್ತಾರೆ, ಡೆಕಾಲ್ ಮಾಡುವವರು ಆ ಚಿತ್ರವನ್ನು ನೋಡಿ ಮಾಡುತ್ತಾರೆ, ಆಮೇಲೆ ಆ ಡೆಕಾಲ್ ಹಾಳೆಯೇ ಮುಂದಿನವರಿಗೆ ಆಧಾರವಾಗುತ್ತದೆ. ಹೀಗೆ ಹತ್ತು ಕಡೆ ಕಂಡದ್ದರಿಂದ ಒಂದು ಊಹೆ ನಿಜವಾಗುವುದಿಲ್ಲ. ನೀವು ಕೇಳಬೇಕಾದದ್ದು ಇಷ್ಟೇ: ಈ ವಿಮಾನ ಎಲ್ಲಿ ತಯಾರಾಯಿತು, ಯಾವಾಗ ತಯಾರಾಯಿತು, ಆಗ ಆ ಕಾರ್ಖಾನೆಯ ಉಗ್ರಾಣದಲ್ಲಿ ಯಾವ ಬಣ್ಣ ಇತ್ತು, ಮತ್ತು ಫೋಟೋ ಏನು ತೋರಿಸುತ್ತಿದೆ.

ಎಲ್ಲಿ ತಯಾರಾಯಿತು ಎಂಬುದನ್ನು ಸಂಖ್ಯೆಯೇ ಹೇಳುತ್ತದೆ. ಜರ್ಮನರು ತಯಾರಿಕಾ ಸಂಖ್ಯೆಯನ್ನು ಬಾಲದ ಮೇಲೆ ಸಣ್ಣ ಅಂಕಿಗಳಲ್ಲಿ ಬರೆಯುತ್ತಿದ್ದರು, ಮತ್ತು ಒಂದೊಂದು ಕಾರ್ಖಾನೆಗೆ ಒಂದೊಂದು ಸರಣಿ ಇತ್ತು. ಡಿ-9 ಮಟ್ಟಿಗೆ 210 ಮತ್ತು 211ರಿಂದ ಶುರುವಾಗುವವು ಸೋರೌನಲ್ಲಿದ್ದ ಫೋಕೆ-ವುಲ್ಫ್ ಕಾರ್ಖಾನೆಯವು. ಆ ಊರು ಈಗ ಪೋಲೆಂಡಿನಲ್ಲಿದೆ, ಹೆಸರು ಝಾರಿ. 600 ಮತ್ತು 601ರವು ಕಾಸೆಲ್ ಊರಿನ ಫೀಸೆಲರ್ ಕಾರ್ಖಾನೆಯವು, 500ರವು ಮಿಮೆಟಾಲ್ ಎಂಬ ಇನ್ನೊಂದು ಕಾರ್ಖಾನೆಯವು. ಮಿಮೆಟಾಲ್ ವಿಮಾನಗಳಲ್ಲಿ ಕೆಲವಕ್ಕೆ ಟಿಎ 152 ಎಂಬ ಇನ್ನೊಂದು ವಿಮಾನದ ದೊಡ್ಡ ಬಾಲ ಇತ್ತು, ಅದನ್ನು ನಿಮ್ಮದಕ್ಕೆ ಅಂಟಿಸಬೇಡಿ. 210079 ಸೋರೌನದು, ಅದರಲ್ಲೂ ಸರಣಿಯ ಮೊದಮೊದಲಿನದು. ಡೋರಾವನ್ನು ಮೊದಲು ಪಡೆದ ಜೆಜಿ 54 ಎಂಬ ಯುದ್ಧವಿಮಾನ ದಳದ ಮೂರನೆಯ ಗ್ರುಪ್ಪೆಗೆ (ದಳದ ಒಂದು ವಿಭಾಗ) ಅವು ಬರತೊಡಗಿದ್ದು 1944ರ ಸೆಪ್ಟೆಂಬರ್‌ನಲ್ಲಿ. ಅಂದರೆ ನಿಮ್ಮ ವಿಮಾನ ಬಣ್ಣ ಕಂಡದ್ದು 1944ರ ಶರತ್ಕಾಲದಲ್ಲಿ, ನೆಲಕ್ಕೆ ಬಿದ್ದದ್ದು ಹೊಸ ವರ್ಷದ ದಿನ. ಈ ಅಲ್ಪಾಯುಷ್ಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಬಣ್ಣ. ಜರ್ಮನ್ ವಿಮಾನಯಾನ ಸಚಿವಾಲಯ 1941ರಲ್ಲಿ ಎಲ್‌ಡಿವಿ 521/1 ಎಂಬ ಕೈಪಿಡಿಯನ್ನು ಹೊರತಂದಿತು. ಅದರಲ್ಲಿ ಬಣ್ಣದ ತುಣುಕುಗಳನ್ನೇ ಅಂಟಿಸಿದ್ದರು. 74, 75 ಮತ್ತು ಹೊಟ್ಟೆಯ ತಿಳಿನೀಲಿಯಾದ 76 ಅದರಲ್ಲಿವೆ. ಆದ್ದರಿಂದ 1942 ಅಥವಾ 1943ರ ಯುದ್ಧವಿಮಾನದ ಬೂದು ಬಣ್ಣದ ಬಗ್ಗೆ ಜಗಳ ಕಡಿಮೆ. 1944ರ ಬೇಸಿಗೆಯಲ್ಲಿ ಎಲ್ಲವೂ ಕದಡಿತು. ಆ ವರ್ಷದ ಜುಲೈ ಮತ್ತು ಆಗಸ್ಟ್‌ನಲ್ಲಿ ಹೊರಟ ಸುತ್ತೋಲೆಗಳು 81 ಮತ್ತು 82 ಎಂಬ ಹೊಸ ಬಣ್ಣಗಳನ್ನು ತಂದವು. ಆದರೆ ಅವುಗಳಿಗೆ ಮಾದರಿ ತುಣುಕು ಕೊಡಲು ಆಗುವುದಿಲ್ಲ, ಹಳೆಯ ದಾಸ್ತಾನನ್ನು ಬಳಸಿ ಮುಗಿಸಿ ಎಂದವು. ಬಣ್ಣದ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಹೋಲಿಸಿ ನೋಡಲು ಮಾದರಿ ಇಲ್ಲದಿದ್ದರೆ, ಬಂದ ಡ್ರಮ್ಮಿನೊಳಗೆ ಏನಿದೆಯೋ ಅದೇ ಆ ಸಂಖ್ಯೆಯ ಬಣ್ಣ. ತಪಾಸಣೆ ಮಾಡುವವನು ಇದು ಸರಿಯಿಲ್ಲ ಎಂದು ಹಿಂದಕ್ಕೆ ಕಳಿಸಲು ಅವನ ಕೈಯಲ್ಲಿ ಏನೂ ಇರುವುದಿಲ್ಲ. ಮಾದರಿ ಹಲಗೆ ಎದುರಿಗಿದ್ದ ಕಾಲದಲ್ಲೂ ಬೇರೆ ಬೇರೆ ಸಲ ತಯಾರಾಗಿ ಬಂದ ಒಂದೇ ಸಂಖ್ಯೆಯ ಎರಡು ಬಣ್ಣಗಳು ಒಂದೇ ರೆಕ್ಕೆಯ ಮೇಲೆ ಬೇರೆಯಾಗಿ ಕಾಣುವುದನ್ನು ನಾನು ನೋಡಿದ್ದೇನೆ. ಯುದ್ಧ ಸೋಲುತ್ತಿದ್ದ, ರೈಲುಮಾರ್ಗಗಳ ಮೇಲೆ ಬಾಂಬು ಬೀಳುತ್ತಿದ್ದ ದೇಶದಲ್ಲಿ ಏನಾಗಿರಬಹುದು?

ಅದರ ಜೊತೆಗೆ ಇನ್ನೊಂದು ಕಾರಣವಿದೆ. ಆ ಹೊತ್ತಿಗೆ ಇಡೀ ವಿಮಾನ ಒಂದೇ ಚಾವಣಿಯ ಕೆಳಗೆ ತಯಾರಾಗುತ್ತಿರಲಿಲ್ಲ. ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳಲು ಕೆಲಸವನ್ನು ಸಣ್ಣ ಸಣ್ಣ ಕಡೆಗಳಿಗೆ ಹಂಚಿದ್ದರು. ಸೋರೌ ಮೇಲೂ 1944ರ ಏಪ್ರಿಲ್‌ನಲ್ಲಿ ಅಮೆರಿಕನ್ನರ ದಾಳಿ ಆಗಿತ್ತು. ರೆಕ್ಕೆ ಒಂದು ಕಡೆಯಿಂದ, ಬಾಲ ಇನ್ನೊಂದು ಕಡೆಯಿಂದ, ಎಂಜಿನ್ ಮುಚ್ಚಳ ಮತ್ತೊಂದು ಕಡೆಯಿಂದ ಬಣ್ಣ ಹೊಡೆಸಿಕೊಂಡೇ ಬಂದು ಕೊನೆಗೆ ಒಂದು ಕಡೆ ಕೂಡುತ್ತಿದ್ದವು. ಆದ್ದರಿಂದ ರೆಕ್ಕೆಯ ಹಸಿರು ಮತ್ತು ಒಡಲಿನ ಹಸಿರು ಹೊಂದದಿದ್ದರೆ ಅದು ಮಾದರಿ ಮಾಡಿದವನ ಕೈತಪ್ಪಲ್ಲ, ಆ ಕಾಲದ ಗುರುತು. ರೆಕ್ಕೆ ಮತ್ತು ಒಡಲಿನ ಬಣ್ಣವನ್ನು ಒಂದೇ ಬಟ್ಟಲಿನಲ್ಲಿ ಕಲಸಬೇಡಿ. ಇದೊಂದೇ ಕೆಲಸ ನಿಮ್ಮ ಡೋರಾವನ್ನು ಬೇರೆಯವರ ಡೋರಾಕ್ಕಿಂತ ಎಷ್ಟೋ ನಿಜವಾಗಿಸುತ್ತದೆ.

ಫೋಟೋ ನೋಡುವಾಗ ಒಂದು ಎಚ್ಚರ ಬೇಕು. ಕಪ್ಪುಬಿಳುಪು ಫಿಲ್ಮುಗಳಲ್ಲಿ ಎರಡು ಜಾತಿ ಇದ್ದವು. ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಕೆಂಪು ಅಂಕಿ ಕಪ್ಪಾಗಿ, ಹಳದಿ ಮೂತಿ ಗಾಢ ಬೂದಾಗಿ, ತಿಳಿನೀಲಿ ಹೊಟ್ಟೆ ಬಿಳಿಯಾಗಿ ಬರುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಇವೆಲ್ಲ ಕಣ್ಣಿಗೆ ಕಂಡ ಹಾಗೆಯೇ ಹೆಚ್ಚುಕಡಿಮೆ ಬರುತ್ತವೆ. ಯಾವ ಫಿಲ್ಮು ಎಂದು ತಿಳಿಯಲು ಅದೇ ಚಿತ್ರದಲ್ಲಿ ಬಣ್ಣ ಖಚಿತವಾಗಿ ಗೊತ್ತಿರುವ ವಸ್ತುವನ್ನು ಹುಡುಕಿ: ಶಿಲುಬೆ ಗುರುತಿನ ಕಪ್ಪು, ಇಂಧನ ತುಂಬುವ ಬಾಯಿಯ ಹಳದಿ ತ್ರಿಕೋನ, ಪಕ್ಕದಲ್ಲಿ ನಿಂತ ಸೈನಿಕರ ಮುಖ. ಆ ಕಾಲದ ಬಣ್ಣದ ಫೋಟೋ ಸಿಕ್ಕರೆ ಹಿಗ್ಗಬೇಡಿ. ಫಿಲ್ಮಿನ ವರ್ಣದ್ರವ್ಯ ಎಂಬತ್ತು ವರ್ಷಗಳಲ್ಲಿ ಮಾಸಿರುತ್ತದೆ. ಅದು ಬೂದೋ ಹಸಿರೋ ಎಂದು ಹೇಳಬಲ್ಲದು, ಯಾವ ಹಸಿರು ಎಂದು ಹೇಳಲಾರದು.

ನನ್ನ ತೀರ್ಮಾನ ಕೇಳಿದರೆ: ಸೋರೌನ ಮೊದಲ ತಂಡ, ಸುತ್ತೋಲೆ ಹೊರಟ ಬೆನ್ನಿಗೇ ತಯಾರಾದದ್ದು, ಬೂದು ದಾಸ್ತಾನು ಇನ್ನೂ ಉಳಿದಿರಬೇಕಾದ ಸಮಯ. ಆದ್ದರಿಂದ 75ನ್ನು ನಾನು ಬಿಡುವುದಿಲ್ಲ. ಅದರ ಜೊತೆಗಿನ ಗಾಢ ಬಣ್ಣಕ್ಕೆ ಕಡುಹಸಿರನ್ನು ಹಾಕುತ್ತೇನೆ. ಕಂದು ಮತ್ತು ತಿಳಿಹಸಿರಿನ ಜೋಡಿ ಇಷ್ಟು ಬೇಗ ಈ ಕಾರ್ಖಾನೆಯಿಂದ ಹೊರಬಂದಿತು ಎನ್ನಲು ನನಗೆ ಆಧಾರ ಕಾಣುವುದಿಲ್ಲ.

ಕಪ್ಪುಕಾಡು (ಫ್ರೈಬುರ್ಗ್, ಜರ್ಮನಿ) ಉತ್ತರ:

ನಾನು ಶಿವಮೊಗ್ಗದವಳು, ಈಗ ಫ್ರೈಬುರ್ಗ್‌ನಲ್ಲಿ ಇದ್ದೇನೆ. ಇಲ್ಲಿ ಜರ್ಮನ್ ಒಕ್ಕೂಟ ದಾಖಲೆ ಸಂಗ್ರಹದ ಸೇನಾ ವಿಭಾಗವಿದೆ. ಮಾದರಿ ಮಾಡುವ ಹವ್ಯಾಸ ನನ್ನ ಪತಿಯದು, ಕಾಗದ ಹುಡುಕುವುದು ನನ್ನದು. ಹಾಗಾಗಿ ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ.

ಸಣ್ಣರೆಕ್ಕೆಯವರೇ, ನೀವು ಮೊದಲು ತಿಳಿಯಬೇಕಾದದ್ದು, ಜರ್ಮನ್ ವಾಯುಪಡೆಯ ಕಾಗದಗಳಲ್ಲಿ ಬಹುಪಾಲು ಇಂದು ಇಲ್ಲ. 1945ರಲ್ಲಿ ಸೋಲು ಖಚಿತವಾದಾಗ ಅವರೇ ಸುಟ್ಟರು. ಸೇನೆಯ ಇತರ ವಿಭಾಗಗಳಿಗೆ ಹೋಲಿಸಿದರೆ ವಾಯುಪಡೆಯ ಕಪಾಟುಗಳು ಇಲ್ಲಿ ಖಾಲಿ ಖಾಲಿ. ಉಳಿದಿರುವುದರಲ್ಲಿ ಮಾದರಿಕಾರರಿಗೆ ಹೆಚ್ಚು ಉಪಯೋಗವಾಗುವುದು ನಷ್ಟದ ಪಟ್ಟಿಗಳು. ದಿನಾಂಕ, ದಳ, ವಿಮಾನದ ಬಗೆ, ತಯಾರಿಕಾ ಸಂಖ್ಯೆ, ಸ್ಥಳ, ಕಾರಣ, ಹಾನಿಯ ಶೇಕಡಾವಾರು ಪ್ರಮಾಣ, ಇಷ್ಟನ್ನೂ ದಳಗಳು ಕ್ವಾರ್ಟರ್‌ಮಾಸ್ಟರ್ ಜನರಲ್ ಕಚೇರಿಗೆ ವರದಿ ಮಾಡಬೇಕಿತ್ತು. ಹಾನಿ ಶೇಕಡಾ 60 ಮುಟ್ಟಿದರೆ ವಿಮಾನ ಹೋದ ಹಾಗೆಯೇ ಲೆಕ್ಕ. ನಿಮ್ಮ ಫೋಟೋದ ಅಡಿಬರಹ ಒಂದು ಹೇಳುತ್ತಿದ್ದು, ನಷ್ಟದ ಪಟ್ಟಿ ಇನ್ನೊಂದು ಹೇಳುತ್ತಿದ್ದರೆ ಪಟ್ಟಿಯ ಪಕ್ಷ ವಹಿಸುವುದು ಹೆಚ್ಚು ಸುರಕ್ಷಿತ. ಆದರೆ ಪಟ್ಟಿಯಲ್ಲಿ ಬಣ್ಣದ ಸುದ್ದಿ ಇರುವುದಿಲ್ಲ.

ಬಣ್ಣದ ಸುದ್ದಿ ಬೇಕಾದರೆ ಶತ್ರುವಿನ ಕಾಗದ ನೋಡಬೇಕು. ಬಿದ್ದ ಪ್ರತಿಯೊಂದು ಜರ್ಮನ್ ವಿಮಾನದ ಬಳಿಗೂ ಹೋಗಿ ಪರೀಕ್ಷಿಸಲು ಬ್ರಿಟಿಷ್ ವಾಯು ಗುಪ್ತಚರ ವಿಭಾಗದಲ್ಲಿ ಒಂದು ಶಾಖೆಯೇ ಇತ್ತು. ಅವರು ಎಂಜಿನ್ ತಟ್ಟೆಯ ಮೇಲಿನ ಸಂಖ್ಯೆ, ತಯಾರಿಸಿದ ಕಾರ್ಖಾನೆ, ಬಂದೂಕು, ರಕ್ಷಾಕವಚ, ಒಡಲಿನ ಮೇಲಿನ ಅಂಕಿ, ಎಷ್ಟೋ ಸಲ ಬಣ್ಣ, ಎಲ್ಲವನ್ನೂ ಬರೆದಿಟ್ಟರು. ವಿಮಾನದ ಪಕ್ಕದಲ್ಲಿ ನಿಂತು, ಹಗಲು ಬೆಳಕಿನಲ್ಲಿ, ಅದೇ ವಾರ ಬರೆದದ್ದು. ಆ ವರದಿಗಳು ಲಂಡನ್‌ನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ಮಿತ್ರಪಡೆಗಳ ಕೈಗೆ ಸಿಕ್ಕಿದ್ದರಿಂದ ನಿಮ್ಮ 210079 ಅದೃಷ್ಟವಂತ ವಿಮಾನ. ಪೂರ್ವ ರಣರಂಗದ ಕಾಡಿನಲ್ಲಿ ಬಿದ್ದಿದ್ದರೆ ಇಂಥ ಸಾಕ್ಷಿ ಸಿಗುತ್ತಿರಲಿಲ್ಲ.

ಫೋಟೋಗಳಿಗೆ: ಒಕ್ಕೂಟ ದಾಖಲೆ ಸಂಗ್ರಹ 2008ರ ಡಿಸೆಂಬರ್‌ನಲ್ಲಿ ಸುಮಾರು 1 ಲಕ್ಷ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಕೊಟ್ಟಿತು. ಮನೆಯಲ್ಲೇ ಕುಳಿತು ನೋಡಬಹುದು. ಸೇನೆಯ ಪ್ರಚಾರ ವಿಭಾಗದವರು ತೆಗೆದ ಚಿತ್ರಗಳೂ ಅದರಲ್ಲಿವೆ. ಅಡಿಬರಹಗಳನ್ನು ಮೂಲದಲ್ಲಿದ್ದ ಹಾಗೆಯೇ ಇಟ್ಟಿದ್ದಾರೆ. ಪ್ರಚಾರಕ್ಕೆಂದು ಬರೆದ ಅಡಿಬರಹ ಎಂಬುದನ್ನು ಮರೆಯದೆ ಓದಿ.

ಬಣ್ಣದಮನೆಯವರು ಕೆಲಸವನ್ನು ಹಂಚಿದ್ದರ ಬಗ್ಗೆ ಬರೆದಿದ್ದಾರೆ. ಆ ಮಾತಿಗೆ ಒಂದನ್ನು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ಹಂಚಿದ ಕಡೆಗಳಲ್ಲಿ ಯಾರು ಕೆಲಸ ಮಾಡಿದರು? ಮೆಸರ್‌ಶ್ಮಿಟ್ 109ರ ಭಾಗಗಳನ್ನು ಫ್ಲೋಸೆನ್‌ಬುರ್ಗ್ ಯಾತನಾ ಶಿಬಿರದ ಕೈದಿಗಳು ಮಾಡಿದರು. 1943ರ ಆಗಸ್ಟ್ 17ರಂದು ರೇಗನ್ಸ್‌ಬುರ್ಗ್ ಕಾರ್ಖಾನೆಯ ಮೇಲೆ ದಾಳಿಯಾದ ಮೇಲೆ ಶಿಬಿರದಲ್ಲಿನ ಆ ಕೆಲಸ ಇನ್ನೂ ಹೆಚ್ಚಿತು. ಮೆಸರ್‌ಶ್ಮಿಟ್ 262ರ ಒಡಲುಗಳನ್ನು ಗೂಸೆನ್ ಶಿಬಿರದ ಕೈದಿಗಳು ಸುರಂಗದೊಳಗೆ ಮಾಡಿದರು. ಬಹಳ ಜನ ಅಲ್ಲೇ ಸತ್ತರು. ಕೊನೆಯ ವರ್ಷದ ವಿಮಾನಗಳ ಒರಟು ಕೆಲಸ, ಹೊಂದದ ತಗಡು, ತೆಳು ಬಣ್ಣ ಇವುಗಳ ಹಿಂದೆ ಆ ಕೈಗಳೂ ಇವೆ. ಚಾರಿತ್ರಿಕ ನಿಖರತೆ ಎಂದು ನಾವು ಹೇಳುವಾಗ ರೆಕ್ಕೆಯ ಹಸಿರನ್ನು ಲೆಕ್ಕಕ್ಕೆ ಹಿಡಿದು ಇದನ್ನು ಬಿಡುವುದು ನನಗೆ ಸಾಧ್ಯವಿಲ್ಲ. ನಮ್ಮ ಮನೆಯಲ್ಲಿ ಮಾದರಿಯ ಪಕ್ಕದಲ್ಲಿ ಇಡುವ ಚೀಟಿಯಲ್ಲಿ ಚಾಲಕನ ಹೆಸರಿನ ಜೊತೆ ಅದನ್ನು ಕಟ್ಟಿದ ಸ್ಥಳವನ್ನೂ ಬರೆಯುತ್ತೇವೆ.

ಗೀರುಗೆರೆ (ಮಂಗಳೂರು) ಉತ್ತರ:

ಬಣ್ಣಕ್ಕೆ ಮೊದಲು ಆಕಾರ ನೋಡಿಕೊಳ್ಳಿ ಎಂದು ನನ್ನ ಸಲಹೆ. ಡೋರಾಕ್ಕೆ ಉದ್ದನೆಯ ಜುಮೊ 213 ಎಂಜಿನ್ ಹಾಕಿದಾಗ ತೂಕ ಸರಿದೂಗಿಸಲು ಬಾಲದ ಮುಂದೆ 50 ಸೆಂಟಿಮೀಟರ್‌ನ ತುಂಡೊಂದನ್ನು ಸೇರಿಸಿದರು. 1/48ರಲ್ಲಿ ಅದು ಸುಮಾರು 10.4 ಮಿಲಿಮೀಟರ್. ಹಳೆಯ ಕಿಟ್ಟುಗಳಲ್ಲಿ ಇದನ್ನು ಅಳೆದು ನೋಡಿ. ರೆಕ್ಕೆಯ ತುದಿಯಿಂದ ತುದಿಗೆ 10.5 ಮೀಟರ್, ಅಂದರೆ ನಿಮ್ಮ ಮೇಜಿನ ಮೇಲೆ ಸುಮಾರು 21.9 ಸೆಂಟಿಮೀಟರ್ ಬರಬೇಕು. ಚಾಲಕನ ತಲೆಯ ಮೇಲಿನ ಗಾಜಿನ ಮುಚ್ಚಳದಲ್ಲಿ ಎರಡು ಬಗೆ ಇವೆ: ಮೊದಲಿನ ಚಪ್ಪಟೆಯದು, ಆಮೇಲಿನ ಉಬ್ಬಿದ್ದು. ಕಿಟ್‌ನಲ್ಲಿ ಸಾಮಾನ್ಯವಾಗಿ ಎರಡನ್ನೂ ಕೊಟ್ಟಿರುತ್ತಾರೆ. ಯಾವುದು ಎಂಬುದನ್ನು ಫೋಟೋ ನೋಡಿಯೇ ನಿರ್ಧರಿಸಿ.

ಒಂದು ವಿಷಯದಲ್ಲಿ ಮಾತ್ರ ಮೇಲಿನವರಿಗೆ ಸೇರಿಸುವುದಿದೆ. ಸರಿಯಾದ ಬಣ್ಣ ಸಿಕ್ಕಿದರೂ ಅದನ್ನು ಹಾಗೆಯೇ ಹೊಡೆಯಬಾರದು. ಸಣ್ಣ ಮಾದರಿಯ ಮೇಲೆ ಅದು ಗಾಢವಾಗಿ ಕಾಣುತ್ತದೆ, ಸ್ವಲ್ಪ ಬಿಳಿ ಬೆರೆಸಿ. ಆಮೇಲೆ ಬಿಸಿಲಿಗೆ ಮಾಸಿದ ಹಾಗೆ ತಗಡು ತಗಡಿಗೂ ಛಾಯೆ ಬದಲಿಸಿದರೆ ಜೀವ ಬರುತ್ತದೆ.

ಇನ್ನೊಂದು, ವಸ್ತುಸಂಗ್ರಹಾಲಯಗಳಲ್ಲಿರುವ ನಿಜವಾದ ವಿಮಾನಗಳ ಚಿತ್ರ ನೋಡಿದರೆ ಅರ್ಧ ಅನುಮಾನ ಪರಿಹಾರವಾಗುವುದಿಲ್ಲವೇ? ಅಮೆರಿಕದ ಡೇಟನ್‌ನಲ್ಲಿ ಡಿ-9 ಒಂದಿದೆಯಲ್ಲ, 601088?

ಸಣ್ಣರೆಕ್ಕೆ (ಹುಬ್ಬಳ್ಳಿ):

ಸರ್, ಅಕ್ಕ, ಎಲ್ಲರಿಗೂ ವಂದನೆಗಳು. ಇಷ್ಟು ಸಿಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಫೋಟೋ ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಈಗ ಮೂರು ಅನುಮಾನ ಉಳಿದಿವೆ.

ಒಂದು, ಅಂಕಿಯ ಬಣ್ಣ. ನನ್ನ ಬಳಿ ಇರುವ ಪಟ್ಟಿಯ ಪ್ರಕಾರ 1, 4, 7, 10ನೆಯ ಸ್ಟಾಫೆಲ್‌ಗಳಿಗೆ (ಗ್ರುಪ್ಪೆಯೊಳಗಿನ ತುಕಡಿಗಳಿಗೆ) ಬಿಳಿ ಅಂಕಿ. ನಿಬೆಲ್ ಇದ್ದದ್ದು ಜೆಜಿ 54ರ 10ನೆಯ ಸ್ಟಾಫೆಲ್‌ನಲ್ಲಿ. ಹಾಗಿದ್ದರೆ 12 ಬಿಳಿಯಾಗಿರಬೇಕಲ್ಲವೇ? ಕಪ್ಪು ಹೇಗೆ ಬಂತು? ಅಥವಾ ಅದು ಕೆಂಪೋ?

ಎರಡು, 83 ಎಂಬ ಸಂಖ್ಯೆಯ ಬಗ್ಗೆ ಓದುತ್ತಾ ಹೋದರೆ ಅದು ಹಸಿರೇ ಅಲ್ಲ, ನೀಲಿ ಎಂದು ಕೆಲವರು ವಾದಿಸುತ್ತಿದ್ದಾರೆ. ಇದನ್ನು ಕೇಳಿ ತಲೆ ತಿರುಗಿತು.

ಮೂರು, ವಿಮಾನ ಹೊಟ್ಟೆಯ ಮೇಲೆ ಬಿದ್ದಿರುವುದರಿಂದ ಕೆಳಭಾಗ ಕಾಣುವುದೇ ಇಲ್ಲ. ಅಲ್ಲಿ ಏನು ಹೊಡೆಯಲಿ?

ಬಣ್ಣದಮನೆ (ಬೆಂಗಳೂರು):

ಅಂಕಿಯ ಪ್ರಶ್ನೆ ಕೇಳಿದ್ದು ನನಗೆ ತುಂಬ ಸಂತೋಷವಾಯಿತು. ಪಟ್ಟಿಯನ್ನು ಫೋಟೋದ ಜೊತೆ ತಾಳೆ ನೋಡುವವನು ಮಾತ್ರ ಇದನ್ನು ಕೇಳುತ್ತಾನೆ. ನಿಮ್ಮ ಪಟ್ಟಿ ಹಳೆಯ ವ್ಯವಸ್ಥೆಯದು. ಆಗ ಒಂದು ಗ್ರುಪ್ಪೆಯಲ್ಲಿ ಮೂರು ಸ್ಟಾಫೆಲ್‌ಗಳು: 7, 8, 9 ಮೂರನೆಯ ಗ್ರುಪ್ಪೆಗೆ, 10, 11, 12 ನಾಲ್ಕನೆಯದಕ್ಕೆ. ಪ್ರತಿ ಗ್ರುಪ್ಪೆಯಲ್ಲೂ ಮೊದಲನೆಯದು ಬಿಳಿ, ಎರಡನೆಯದು ಕೆಂಪು ಅಥವಾ ಕಪ್ಪು, ಮೂರನೆಯದು ಹಳದಿ. 1944ರಲ್ಲಿ ಗ್ರುಪ್ಪೆಗಳಿಗೆ ನಾಲ್ಕು ಸ್ಟಾಫೆಲ್ ಕೊಟ್ಟರು. ಆಗ ಜೆಜಿ 54ರ ಮೂರನೆಯ ಗ್ರುಪ್ಪೆಯಲ್ಲಿ ಇದ್ದದ್ದು 9, 10, 11, 12. ಲೆಕ್ಕ ಹಾಕಿ: 9 ಬಿಳಿ, 10 ಕಪ್ಪು, 11 ಹಳದಿ, ಹೊಸದಾಗಿ ಸೇರಿದ ನಾಲ್ಕನೆಯ ಸ್ಥಾನಕ್ಕೆ ನೀಲಿ. ಆದ್ದರಿಂದ 10ನೆಯ ಸ್ಟಾಫೆಲ್‌ನ ಕಪ್ಪು 12 ಎಲ್ಲ ರೀತಿಯಲ್ಲೂ ಹೊಂದುತ್ತದೆ. ಕೆಂಪಿರಬಹುದೇ ಎಂಬ ಅನುಮಾನವನ್ನು ತೀರಿಸಲು, ಫಿಲ್ಮು ಪ್ಯಾಂಕ್ರೊಮ್ಯಾಟಿಕ್ ಆಗಿದ್ದರೆ, ಅದೇ ಫೋಟೋದಲ್ಲಿ ಅಂಕಿಯ ಗಾಢತೆಯನ್ನು ಶಿಲುಬೆಯ ಕಪ್ಪಿನೊಡನೆ ಹೋಲಿಸಿ.

83ರ ಬಗ್ಗೆ. ಅದು ಕಡುನೀಲಿ ಎಂಬ ವಾದ ದಾಖಲೆಗಳನ್ನು ಆಧರಿಸಿಯೇ ಹೊರಟದ್ದು, ತಳ್ಳಿಹಾಕಬೇಡಿ. ಆದರೆ ಜಗಳ ಇರುವುದು ಸಂಖ್ಯೆಯ ಬಗ್ಗೆ. ಕೊನೆಯ ವರ್ಷದ ಯುದ್ಧವಿಮಾನಗಳ ಮೇಲೆ ಕಡುಹಸಿರು ಇತ್ತು ಎಂಬುದಕ್ಕೆ ಬಣ್ಣ ಉಳಿದ ತಗಡಿನ ತುಣುಕುಗಳೇ ಸಾಕ್ಷಿ. ಅಂಗಡಿಯಲ್ಲಿ ಸಿಗುವ ಶೀಶೆಯ ಮೇಲೆ 83 ಎಂದಿದ್ದರೆ ಅದರೊಳಗಿರುವುದು ಆ ಕಡುಹಸಿರೇ. ಶೀಶೆಯನ್ನು ಕೊಳ್ಳಿ, ಸಂಖ್ಯೆಯ ತಕರಾರನ್ನು ಪಂಡಿತರಿಗೆ ಬಿಡಿ. ಶೀಶೆಯ ಮೇಲೆ 84 ಎಂದು ಕಂಡರೆ ಮಾತ್ರ ಒಂದು ತಿಳಿದಿರಲಿ: ಕೊನೆಕೊನೆಯ ವಿಮಾನಗಳ ಹಸಿರುಮಿಶ್ರಿತ ಹೊಟ್ಟೆಯ ಬಣ್ಣಕ್ಕೆ ನಂತರದವರು ಇಟ್ಟ ಸಂಖ್ಯೆ ಅದು, ಸಚಿವಾಲಯ ಕೊಟ್ಟದ್ದಲ್ಲ.

ಗೀರುಗೆರೆಯವರೇ, ಆಕಾರದ ಬಗ್ಗೆ ನೀವು ಹೇಳಿದ್ದನ್ನು ಅಕ್ಷರಶಃ ಒಪ್ಪುತ್ತೇನೆ. ಬಿಸಿಲಿಗೆ ಮಾಸಿಸುವುದನ್ನು ಒಪ್ಪುವುದಿಲ್ಲ. ಲಿಬಿಯಾದ ಮರಳಿನಲ್ಲಿ ತಿಂಗಳುಗಟ್ಟಲೆ ನಿಂತ ಮೆಸರ್‌ಶ್ಮಿಟ್ 109ಕ್ಕೆ ಅದು ಸರಿ. ಈ ಡೋರಾ ಬದುಕಿದ್ದು ಒಂದೇ ಶರತ್ಕಾಲ ಮತ್ತು ಅರ್ಧ ಚಳಿಗಾಲ, ವಾಯವ್ಯ ಜರ್ಮನಿಯ ಮೋಡದ ಕೆಳಗೆ. ಮಾಸಲು ಅದಕ್ಕೆ ಬಿಸಿಲೂ ಸಿಗಲಿಲ್ಲ, ಆಯುಷ್ಯವೂ ಸಿಗಲಿಲ್ಲ. ಅದರ ಮೇಲೆ ಇರಬೇಕಾದದ್ದು ಎಂಜಿನ್ ಹೊಗೆಯ ಮಸಿ, ಎಣ್ಣೆ, ಚಕ್ರ ಚಿಮ್ಮಿಸಿದ ಕೆಸರು, ರೆಕ್ಕೆಯ ಬುಡದಲ್ಲಿ ಚಾಲಕ ಮತ್ತು ಮೆಕ್ಯಾನಿಕ್ ಕಾಲಿಟ್ಟ ಕಡೆಯ ಕೊಳೆ. ಮಾಸಿದ ಬಣ್ಣ ಎಷ್ಟೇ ಚೆಂದ ಕಂಡರೂ ಈ ವಿಮಾನದ ಮೇಲೆ ಅದು ಸುಳ್ಳು. ಸ್ವಲ್ಪ ಬಿಳಿ ಬೆರೆಸುವುದಕ್ಕೆ ನನ್ನ ಅಡ್ಡಿ ಇಲ್ಲ, ಅದು ಕಣ್ಣಿನ ವಿಷಯ.

ವಸ್ತುಸಂಗ್ರಹಾಲಯದ ವಿಮಾನಗಳ ಬಗ್ಗೆ. ಆಕಾರಕ್ಕೆ ಅವನ್ನು ನೋಡಿ, ಕಾಕ್‌ಪಿಟ್ ಒಳಗಿನ ಜೋಡಣೆಗೆ ನೋಡಿ, ಚಕ್ರದ ಗೂಡಿಗೆ ನೋಡಿ. ಬಣ್ಣಕ್ಕೆ ನೋಡುವ ಮೊದಲು ಆ ಬಣ್ಣವನ್ನು ಯಾರು ಯಾವಾಗ ಹೊಡೆದರು ಎಂದು ವಿಚಾರಿಸಿ. ಡೇಟನ್‌ನ 601088ರ ಮೇಲೆ ಈಗ ಕಾಣುವುದು ದುರಸ್ತಿಯ ಬಣ್ಣ, ಮೇಲಾಗಿ ಅದು ಕಾಸೆಲ್‌ನ ವಿಮಾನ, ಸೋರೌನದಲ್ಲ. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್‌ನಲ್ಲಿರುವ ಮೆಸರ್‌ಶ್ಮಿಟ್ 109 ಜಿ-6 ಇನ್ನೂ ಒಳ್ಳೆಯ ಪಾಠ. ಫ್ರಾನ್ಸ್ ಮೂಲದ ಚಾಲಕನೊಬ್ಬ 1944ರಲ್ಲಿ ಅದನ್ನು ಇಟಲಿಯಲ್ಲಿ ಮಿತ್ರಪಡೆಗಳ ಕಡೆಗೆ ಹಾರಿಸಿಕೊಂಡು ಬಂದಿದ್ದ. 1970ರ ದಶಕದಲ್ಲಿ ದುರಸ್ತಿ ಮಾಡುವಾಗ ಅದರ ಮೂಲ ಗುರುತು ತಿಳಿದಿರಲಿಲ್ಲ, ಜೆಜಿ 27ರ ಬೇರೊಂದು ವಿಮಾನದ ‘ಬಿಳಿ 2’ ವೇಷವನ್ನು ಅದಕ್ಕೆ ತೊಡಿಸಿದರು. ಅದನ್ನು ನೋಡಿ ಮಾದರಿ ಮಾಡಿದವರು ಎರಡು ಬೇರೆ ವಿಮಾನಗಳನ್ನು ಒಂದಾಗಿ ಬೆಸೆದಂತಾಯಿತು. ಅದೇ ಸಂಸ್ಥೆಯ ಫೋಕೆ-ವುಲ್ಫ್ 190 ಎಫ್-8, ಸಂಖ್ಯೆ 931884, ಇದಕ್ಕೆ ತದ್ವಿರುದ್ಧ. 1980ರ ದಶಕದ ಆರಂಭದಲ್ಲಿ ಬಣ್ಣವನ್ನು ಪದರ ಪದರವಾಗಿ ಉಜ್ಜಿ ತೆಗೆದಾಗ ಒಂದರ ಕೆಳಗೊಂದು ಹಳೆಯ ಗುರುತುಗಳು ಹೊರಬಂದವು. ಎ-7 ಆಗಿ ಹುಟ್ಟಿ, ಆಮೇಲೆ ಎಫ್-8 ಆಗಿ ಮರುಜನ್ಮ ಪಡೆದ ವಿಮಾನ ಅದು. ಉಪ್ಪುಕಾಗದ ಹಿಡಿದು ಅಂಥ ಕೆಲಸ ಮಾಡಿದವರ ಮೇಲೆ ನನಗೆ ಅಪಾರ ಗೌರವ.

ಕೆಳಭಾಗಕ್ಕೆ ಬರುತ್ತೇನೆ. ಕೊನೆಯ ತಿಂಗಳುಗಳ ಡೋರಾಗಳಲ್ಲಿ ರೆಕ್ಕೆಯ ಕೆಳಗೆ ಒಂದು ಪಾಲು ತಗಡನ್ನು ಬಣ್ಣವಿಲ್ಲದೆ ಬರಿದಾಗಿ ಬಿಟ್ಟಿರುವುದು ಫೋಟೋಗಳಲ್ಲಿ ಕಾಣುತ್ತದೆ. ಬಣ್ಣವನ್ನೂ ಕೆಲಸದ ಗಂಟೆಗಳನ್ನೂ ಉಳಿಸಲು ಮಾಡಿದ್ದು. ಅದು ನೋಡಲು ಆಕರ್ಷಕವಾಗಿರುವುದರಿಂದ ಎಲ್ಲರೂ ಎಲ್ಲ ಡೋರಾಗಳಿಗೂ ಹಾಗೆಯೇ ಮಾಡುತ್ತಿದ್ದಾರೆ. ನೀವು ಮಾಡಬೇಡಿ. ನಿಮ್ಮದು ಮೊದಲ ತಂಡದ್ದು. ಅದೇ ಸೋರೌನಿಂದ, ಅದೇ 2100 ಸರಣಿಯಲ್ಲಿ, ಅದೇ ಶರತ್ಕಾಲದಲ್ಲಿ ಹೊರಬಂದ ಬೇರೆ ವಿಮಾನದ ಕೆಳಭಾಗ ಕಾಣುವ ಫೋಟೋ ಹುಡುಕಿ. ಸಿಕ್ಕರೆ ಅದನ್ನು ಅನುಸರಿಸಿ. ಸಿಗುವವರೆಗೆ ಪೂರ್ತಿ 76 ಹೊಡೆಯಿರಿ.

ಈಗ ಪ್ರೈಮರ್ ಒಣಗಿದೆ ಎಂದಿರಿ. 76ರಿಂದಲೇ ಶುರು ಮಾಡಿ: ಹೊಟ್ಟೆ, ಒಡಲಿನ ಪಕ್ಕ, ಬಾಲ. ಅದು ಒಣಗುವಷ್ಟರಲ್ಲಿ ಫ್ರೈಬುರ್ಗ್‌ನವರು ಹೇಳಿದ ಚಿತ್ರ ಸಂಗ್ರಹವನ್ನು ಜಾಲಾಡಿ. ಮೇಲ್ಭಾಗಕ್ಕೆ ಕೈ ಹಾಕುವ ಮೊದಲು ಒಡಲಿನ ಎಡ ಮತ್ತು ಬಲ ಪಕ್ಕದ ಫೋಟೋಗಳು ಸಿಕ್ಕಿದರೆ ಇಲ್ಲಿ ಹಾಕಿ. ಒಡಲಿನ ಮೇಲಿನ ಮರೆಮಾಚು ಚುಕ್ಕೆಗಳು ಎರಡೂ ಪಕ್ಕದಲ್ಲಿ ಒಂದೇ ಥರ ಇರುವುದಿಲ್ಲ, ಒಂದು ಪಕ್ಕ ನೋಡಿ ಇನ್ನೊಂದನ್ನು ಊಹಿಸಬೇಡಿ.

ಕಪ್ಪುಕಾಡು (ಫ್ರೈಬುರ್ಗ್, ಜರ್ಮನಿ):

ಸಣ್ಣರೆಕ್ಕೆಯವರೇ, ಚಿತ್ರ ಸಂಗ್ರಹದಲ್ಲಿ ಹುಡುಕುವಾಗ ವಿಮಾನದ ಹೆಸರನ್ನು ಮಾತ್ರ ಹಾಕಬೇಡಿ. ಚಿತ್ರ ತೆಗೆದ ದೇಶ ಮತ್ತು ವರ್ಷ ಹಾಕಿ ಇಡೀ ಫಿಲ್ಮು ಸುರುಳಿಯನ್ನು ನೋಡಿ. ಒಂದೇ ಸುರುಳಿಯ ಚಿತ್ರಗಳಿಗೆ ಒಂದೇ ಮೂಲ ಸಂಖ್ಯೆ ಇರುತ್ತದೆ, ಕೊನೆಯ ಅಂಕಿಗಳು ಮಾತ್ರ ಬದಲಾಗುತ್ತವೆ. ಅಡಿಬರಹದಲ್ಲಿ ಹೆಸರಿಲ್ಲದ ಚಿತ್ರದ ಮೂಲೆಯಲ್ಲಿ ನಿಮಗೆ ಬೇಕಾದ ವಿಮಾನ ನಿಂತಿರುತ್ತದೆ. ಕ್ಯೂಗೆ ಪತ್ರ ಬರೆಯುವುದಾದರೆ ದಿನಾಂಕ, ಇಳಿದ ಸ್ಥಳ, ತಯಾರಿಕಾ ಸಂಖ್ಯೆ ಮೂರನ್ನೂ ಕೊಡಿ. ಸ್ಥಳಕ್ಕೆ ಗ್ರಿಂಬರ್ಗೆನ್ ಜೊತೆಗೆ ವೆಮ್ಮೆಲ್ ಎಂದೂ ಬರೆಯಿರಿ, ಅವನು ಇಳಿದದ್ದು ಆ ಕಡೆಗೆ.